ಮೂರನೇ ತಿಂಗಳ ಬಯಕೆ ಊಟ

ನನಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಆದರೂ ಆ ವರ್ಷ ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹಿಂದಿನ ಎರಡು ಬಸಿರು ಮೂರು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಈ ಸಲವಾದರೂ ಉಳಿಯಲಿ ಎಂಬುದೊಂದೇ ಆಸೆ. ನಮ್ಮ ಹಾರವಾಡದ ಮನೆಯಲ್ಲಿ ಐದು ತಿಂಗಳಾಗುವ ತನಕ ಹೊರಗಿನವರ ಮುಂದೆ ಬಸಿರಿನ ಮಾತೆತ್ತುವುದಿಲ್ಲ, ದೃಷ್ಟಿ ತಾಗುತ್ತದೆಂದು. ಅತ್ತೆ ದೇವರ ಮುಂದೆ ನಿಲ್ಲಿಸಿ ನನ್ನಿಂದ ಮಾತು ತೆಗೆದುಕೊಂಡಿದ್ದರು.

ನನ್ನ ಕೆಲಸ ಶೆಟ್ಲಿ, ಅಂದರೆ ಸಿಗಡಿ, ಸುಲಿದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಯಲ್ಲಿ. ಸುಲಿದ ಶೆಟ್ಲಿಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಯುವ ತೊಟ್ಟಿ ನನ್ನ ಪಾಲಿಗೆ. ಆ ಔಷಧ ಕದಡುವಾಗ ಕಣ್ಣು ಉರಿಯುತ್ತಿತ್ತು, ಐಸಿನ ಥಂಡಿಗೆ ಸೊಂಟ ಮರಗಟ್ಟುತ್ತಿತ್ತು. ಎಷ್ಟು ಸಾಬೂನು ಹಾಕಿದರೂ ಕೈಯ ಘಾಟು ಹೋಗುತ್ತಿರಲಿಲ್ಲ. ಬಸುರಿಯರನ್ನು ಪ್ಯಾಕಿಂಗ್ ಕೋಣೆಯ ಕುರ್ಚಿಗೆ ಕಳಿಸುವ ನಿಯಮವೇನೋ ಇತ್ತು. ಬಸುರಿ ಎಂದು ಹೇಳಿದರೆ ತಾನೆ ಕುರ್ಚಿ! ದೃಷ್ಟಿಗೆ ಹೆದರಿ ತೊಟ್ಟಿಯ ಮುಂದೆಯೇ ನಿಂತವರಲ್ಲಿ ನಾನೇನೂ ಮೊದಲಿನವಳಲ್ಲ.

ನನ್ನನ್ನು ಹಿಡಿದವಳು ಎದುರು ಮೇಜಿನ ಹಣಕೋಣದ ಅಕ್ಕ. ಹುರಿದ ಬಂಗಡೆ ಕಂಡರೆ ಡಬ್ಬಿಯನ್ನೇ ನುಂಗುವ ನಾನು, ಅವಳು ಡಬ್ಬಿ ತೆರೆದದ್ದೇ ತಡ, ಮೂಗು ಮುಚ್ಚಿಕೊಂಡು ಓಡಿದೆ. ಅವಳು ನಲ್ಲಿಯ ತನಕ ಹಿಂದೆಯೇ ಬಂದಳು.

"ಎಷ್ಟು ತಿಂಗಳಾತೆ?"

"ಎಂತದೂ ಇಲ್ಲ ಅಕ್ಕ, ಪಿತ್ತ."

"ಮೂರು ಹೆತ್ತವಳ ಹತ್ರ ಪಿತ್ತ ಹೇಳ್ತೀಯಾ?"

ಅಳುತ್ತ ಎಲ್ಲ ಹೇಳಿಬಿಟ್ಟೆ. ಸಂಜೆ ಅವಳೇ ನನ್ನನ್ನು ಆಸ್ಪತ್ರೆಯ ನರ್ಸಮ್ಮನ ಹತ್ತಿರ ಕರೆದೊಯ್ದಳು. "ಮೊದಲಿನ ಎರಡು ಇದ್ರಿಂದಲೇ ಹೋದವು ಅಂತ ಹೇಳೂಕೆ ಬರೂದಿಲ್ಲ. ಆದ್ರೆ ಆ ಘಾಟಲ್ಲಿ, ಥಂಡೀಲಿ ಇನ್ನು ನಿಲ್ಲಬೇಡ" ಎಂದರು ನರ್ಸಮ್ಮ.

"ಅತ್ತೆಗೆ ಮಾತು ಕೊಟ್ಟಿದ್ದೆ ಅಕ್ಕ. ದೃಷ್ಟಿ ತಾಗಿದ್ರೆ?"

"ದೃಷ್ಟಿ ತಾಗಿದ್ರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುವ. ಈ ಘಾಟನ್ನ ಎಂತದ್ರಿಂದ ತೆಗೀತೆ? ನೀ ಬಾಯಿ ಬಿಡಬೇಡ, ನಿನ್ನ ಮಾತು ಹಾಗೇ ಇರ್ಲಿ."

ಮರುದಿನ ಮಧ್ಯಾಹ್ನ ಊಟದ ಕೋಣೆಗೆ ಕಾಲಿಟ್ಟರೆ ನನಗಾಗಿ ಬಾಳೆಲೆ ಹಾಕಿತ್ತು. ಹೆಂಗಸರೆಲ್ಲ ಸೇರಿ ನನ್ನ ತಲೆಗೆ ಅಬ್ಬಲಿಗೆ ದಂಡೆ ಮುಡಿಸಿದರು, ಕೈಗೆ ಹಸಿರು ಬಳೆ ತೊಡಿಸಿದರು. ಏಳನೇ ತಿಂಗಳಲ್ಲಿ ಮಾಡುವ ಬಯಕೆ ಊಟ ಮೂರನೇ ತಿಂಗಳಿಗೇ! ನನಗೆ ವಾಕರಿಕೆ ಬಂದೀತೆಂದು ಒಂದು ತುಂಡು ಮೀನೂ ಮಾಡಿರಲಿಲ್ಲ. ಮೀನಿಲ್ಲದ ಬಯಕೆ ಊಟವನ್ನು ನಮ್ಮ ಜಾತಿಯಲ್ಲಿ ಕಂಡವಳು ನಾನೊಬ್ಬಳೇ ಇರಬೇಕು.

ಗದ್ದಲ ಕೇಳಿ ಸೂಪರ್‌ವೈಸರ್ ಬಂದರು. ಅಕ್ಕ ಅವರ ಕೈಗೆ ಪಾಯಸದ ಲೋಟ ಕೊಟ್ಟಳು.

"ತಕಳಿ ಸರ್. ಇವಳ ಬಯಕೆ. ಎಂತ ಬೇಕಂತೆ ಗೊತ್ತದೆಯಾ? ಕುರ್ಚಿ!"

ಅವರ ಮುಖ ಕೆಂಪಾಯಿತು, ಕೋಣೆಯೆಲ್ಲ ನಗು. ನಾನಂತೂ ನಕ್ಕು ನಕ್ಕು ಪಾಯಸ ನೆತ್ತಿಗೇರಿಸಿಕೊಂಡೆ. ಊಟವಾದ ಮೇಲೆ ಪ್ಯಾಕಿಂಗ್ ಕೋಣೆಯಲ್ಲಿ ಮಹಾರಾಣಿಯಾಗಿ ಕುಳಿತೆ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಹಾರವಾಡ ಮುಟ್ಟಿತ್ತು. ಅತ್ತೆ ಬಾಯ್ತುಂಬ ಬೈದು, ಬೈಯುತ್ತಲೇ ಉಪ್ಪು ಮೆಣಸು ನಿವಾಳಿಸಿದರು.

ತಿಂಗಳು ತುಂಬಿ ಕಾರವಾರದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅತ್ತೆ ಅವಳನ್ನು ನನ್ನತ್ತ ಚಾಚಿದಾಗ ನಾನು ಮೊದಲು ನನ್ನ ಎರಡೂ ಕೈ ಮೂಸಿ ನೋಡಿಕೊಂಡೆ. ಘಾಟು ಇರಲಿಲ್ಲ.

"ಮೂಸಿದ್ದು ಸಾಕು, ಹಿಡ್ಕೊ ಮಾರಾಯ್ತಿ" ಎಂದರು ಅತ್ತೆ.

ಹಿಡಿದುಕೊಂಡೆ. ಅವಳು ಕಾರ್ಖಾನೆಯ ಸೈರನ್ನಿಗಿಂತ ಜೋರಾಗಿ ಅತ್ತಳು. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.