ಧಾರೆ ಎರೆದವನ ಪ್ರಮಾಣಪತ್ರ

ಮೊದಲು ನಮಸ್ಕಾರ. ಘಾಟಿಯ ಸ್ವಾಮಿಗೆ, ಅಕ್ಷರವನ್ನೂ ಮಂತ್ರವನ್ನೂ ಒಂದೇ ಶ್ರದ್ಧೆಯಿಂದ ಕಲಿಸಿದ ಗುರುಗಳಿಗೆ, ಈ ವಯಸ್ಸಿನಲ್ಲಿಯೂ ಕಣ್ಣನ್ನೂ ನೆನಪನ್ನೂ ಉಳಿಸಿರುವ ಭಗವಂತನಿಗೆ. ಹೆಣ್ಣುಮಕ್ಕಳಿಲ್ಲದ ನಮ್ಮ ಮನೆಗೆ ಮಗಳೊಬ್ಬಳನ್ನು ಕೊಟ್ಟದ್ದಕ್ಕೂ, ಕೊಟ್ಟದ್ದು ಎಷ್ಟರ ಮಟ್ಟಿಗೆ ನಮ್ಮದೆಂದು ಕೇಳಿದ್ದಕ್ಕೂ ಕೃತಜ್ಞತೆ ಸಲ್ಲಬೇಕು. ಅದನ್ನು ಸಲ್ಲಿಸಿ ಮುಂದಿನದನ್ನು ಬರೆಯುತ್ತೇನೆ.

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗೆ ನಮ್ಮ ಊರು. ಅಲ್ಲಿನ ಪ್ರೌಢಶಾಲೆಯಲ್ಲಿ ಸಂಸ್ಕೃತ, ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಎದುರು ಮನೆಯವರು ಬೇಸಾಯಗಾರರು. ಅವರ ಹಿರಿಯ ಮಗ ನನ್ನ ವಿದ್ಯಾರ್ಥಿ. ಅವನು ಸೋಂಪುರದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದಾಗ, ಹೊಸ ಯಂತ್ರಗಳನ್ನು ನಡೆಸುವುದನ್ನು ಕಲಿಸಲು ವಿಯೆಟ್ನಾಮಿನಿಂದ ಒಂದು ತಂಡ ಬಂದಿತ್ತು. ಕೆಲಸ ಮುಗಿಸಿ ತಂಡ ಹಿಂದಿರುಗಿತು. ಅದರಲ್ಲಿದ್ದ ಹುಡುಗಿಯೊಬ್ಬಳು ಮರುವರ್ಷ ಇವನನ್ನು ಮದುವೆಯಾಗಲು ಒಬ್ಬಳೇ ಬಂದಳು.

ಹುಡುಗನ ತಾಯಿ ತಕರಾರು ಮಾಡಲಿಲ್ಲ. ಅವರದು ಒಂದೇ ಪ್ರಶ್ನೆಯಾಗಿತ್ತು. "ಹುಡುಗೀನ ಬೇಡ ಅಂದೋರ್ಯಾರು ಮೇಷ್ಟ್ರೇ? ಧಾರೆ ಎರೆಯೋರೇ ಇಲ್ದೆ ಮಂಟಪದಲ್ಲಿ ಹೆಂಗೆ ಕೂರ್ಸೋದು ಅಂತ ಕೇಳ್ತಿದ್ದೀನಿ."

ಹುಡುಗಿಯ ತಂದೆ ದೊಡ್ಡ ನದಿಯೊಂದು ಕವಲೊಡೆಯುವ ಸೀಮೆಯಲ್ಲಿ ದೋಣಿ ನಡೆಸುವವರು. ಹಾಸಿಗೆ ಹಿಡಿದಿದ್ದ ಹೆಂಡತಿಯನ್ನು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಆ ಸ್ಥಾನದಲ್ಲಿ ನಾನೂ ನನ್ನ ಪತ್ನಿಯೂ ನಿಂತೆವು. ನಮ್ಮ ಗೋತ್ರ ಹೇಳಿ ಸಂಕಲ್ಪ ಮಾಡಿದೆ. ಪತ್ನಿ ತಂಬಿಗೆಯಿಂದ ನೀರು ಬಿಟ್ಟಳು. ಅದು ನನ್ನ ಕೈಯಿಂದ ಹುಡುಗಿಯ ಕೈಗೆ, ಅವಳ ಕೈಯಿಂದ ವರನ ಕೈಗೆ ಇಳಿಯಿತು. ಆಕೆಯ ತಂದೆ ಅಷ್ಟನ್ನೂ ಫೋನಿನ ಪರದೆಯ ಮೇಲೆ ನೋಡಿದರು. ಲಗ್ನಪತ್ರಿಕೆಯಲ್ಲಿ ರೂಢಿಯಂತೆ ಅವಳನ್ನು ನಮ್ಮ ಸುಪುತ್ರಿ ಎಂದೇ ಅಚ್ಚು ಹಾಕಿಸಿದ್ದರು. ಅಂದಿನಿಂದ ಪ್ರತಿ ಗೌರಿಹಬ್ಬಕ್ಕೆ ಬಾಗಿನದ ಮೊರ ನಮ್ಮ ಮನೆಯಿಂದ ರಸ್ತೆ ದಾಟಿ ಎದುರು ಮನೆಗೆ ಹೋಗುತ್ತಿತ್ತು. ಅವಳು ನನ್ನನ್ನು ಅಪ್ಪಾಜಿ ಎನ್ನುತ್ತಿದ್ದಳು.

ವರ್ಷಗಳು ಕಳೆದವು. ಮದುವೆ ಕಾನೂನಿನ ಪ್ರಕಾರ ನೋಂದಣಿಯಾಗಿತ್ತು. ಅದರ ಆಧಾರದ ಮೇಲೆ ಜೀವನಪರ್ಯಂತ ಇಲ್ಲಿ ನೆಲೆಸಲು ಅನುಮತಿ ಕೊಡುವ ಕಾರ್ಡು ಅವಳಿಗೆ ಸಿಕ್ಕಿತು. ಊರಿನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು, ಅವಳ ಮಟ್ಟಿಗೆ ಮುಗಿದಿರಲಿಲ್ಲ. ಆ ಕಾರ್ಡಿನವರಿಗೆ ಮತವಿಲ್ಲ, ಸಾಗುವಳಿ ಭೂಮಿ ಕೊಳ್ಳುವ ಹಕ್ಕಿಲ್ಲ. ಅತ್ತೆಯ ಜೊತೆ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದವಳು ಅವಳೇ. ಪಂಚಾಯ್ತಿ ಚುನಾವಣೆಯ ದಿನ ಮನೆಮಂದಿಯೆಲ್ಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ, ಅವಳು ಅವರಿಗೆ ಕಾಫಿ ಮಾಡಿಟ್ಟು ಕಾಯುತ್ತಿದ್ದಳು.

ಒಮ್ಮೆ ನಮ್ಮ ಜಗಲಿಯಲ್ಲಿ ಕುಳಿತು ಹೇಳಿದಳು. "ಇಲ್ಲಿ ಇರ್ಬಹುದು ಅಂತ ಅಂದಿದ್ದಾರೆ ಅಪ್ಪಾಜಿ. ಇಲ್ಲಿಯವಳು ಅಂತ ಅಂದಿಲ್ಲ."

ಭಾರತೀಯನನ್ನು ಮದುವೆಯಾಗಿ ಇಲ್ಲಿ ಏಳು ವರ್ಷ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಾಕಿದಳು. ಅದು ಮಂಜೂರಾದರೆ ತಾನು ಹುಟ್ಟಿದ ದೇಶದ ಪೌರತ್ವವನ್ನು ಬಿಡಬೇಕಾಗುತ್ತದೆ ಎಂಬುದೂ ಅವಳಿಗೆ ತಿಳಿದಿತ್ತು. ಗಂಡ ಉತ್ಸಾಹದಿಂದ, ಕೇಳಿದ ದಾಖಲೆಗಳ ಜೊತೆಗೆ ಕೇಳದ ಲಗ್ನಪತ್ರಿಕೆಯನ್ನೂ ಲಗತ್ತಿಸಿದ. ಮದುವೆಗೆ ಅದಕ್ಕಿಂತ ಚೆಂದದ ಪುರಾವೆ ಇಲ್ಲವೆಂದು ಅವನ ಭಾವನೆ.

ಕೆಲವು ತಿಂಗಳ ಬಳಿಕ ವಿಚಾರಣೆಗೆಂದು ಪೊಲೀಸರೊಬ್ಬರು ಊರಿಗೆ ಬಂದರು. ಆಗ ನಾನು ಹಾಲಿನ ಡೇರಿಯ ಪಕ್ಕದ ಅಂಗಡಿಯಲ್ಲಿ ಕರ್ಪೂರ ಕೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದವರನ್ನು ಅವರು ಕೇಳಿದರು.

"ವಿಯೆಟ್ನಾಂ ಹೆಂಗಸು ಯಾವ ಮನೇಲಿರೋದು?"

"ವಿಯೆಟ್ನಾಮಾ? ಅಂಥೋರ್ಯಾರೂ ನಮ್ಮೂರಲ್ಲಿ ಇಲ್ಲ ಸಾರ್."

ಪೊಲೀಸರು ಫೋಟೋ ತೋರಿಸಿದರು.

"ಅಯ್ಯೋ, ಇವಳಾ! ಇವಳು ನಮ್ಮ ಮೇಷ್ಟ್ರ ಮಗಳು ಕಣ್ ಸಾರ್. ವಿಯೆಟ್ನಾಂ ಅಂತೀರಲ್ಲ!"

"ತವರುಮನೆ ಎಲ್ಲಿ?"

"ಅದೋ, ಆ ಹೆಂಚಿನ ಮನೆ. ಗೌರಿಹಬ್ಬಕ್ಕೆ ಬಾಗಿನ ಅಲ್ಲಿಂದ್ಲೇ ಬರೋದು. ಬೇಕಾದ್ರೆ ಮೇಷ್ಟ್ರನ್ನೇ ಕೇಳಿ, ಇಲ್ಲೇ ನಿಂತವ್ರೆ."

ಪೊಲೀಸರು ನನ್ನ ಕಡೆ ತಿರುಗಿದರು. "ಹೌದಾ ಸ್ವಾಮಿ?"

"ಹೌದು, ನಾನೇ ಧಾರೆ ಎರೆದದ್ದು," ಎಂದೆ. ಅವರು ಬರೆದುಕೊಂಡು ಹೋದರು. ಊರಿನವರು ಅವಳಿಗೆ ಉಪಕಾರ ಮಾಡಿದೆವೆಂಬ ತೃಪ್ತಿಯಿಂದ ಎದ್ದರು. ನನಗೂ ಅದೇ ತೃಪ್ತಿಯಿತ್ತು.

ಅರ್ಜಿ ಅಲ್ಲಿಯೇ ನಿಂತಿತು. ತಂದೆ ವಿಯೆಟ್ನಾಮಿನವರೆಂದು ಅವಳೇ ಅರ್ಜಿಯಲ್ಲಿ ಬರೆದಿದ್ದಳು. ಸ್ಥಳೀಯ ಶಿಕ್ಷಕರ ಮಗಳೆಂದು ವಿಚಾರಣೆಯ ವರದಿಯಲ್ಲಿತ್ತು; ಲಗ್ನಪತ್ರಿಕೆ ವರದಿಯನ್ನೇ ಸಮರ್ಥಿಸುತ್ತಿತ್ತು. ಸಮಜಾಯಿಷಿ ಕೊಡದಿದ್ದರೆ ಅರ್ಜಿ ತಿರಸ್ಕೃತವಾಗಬಹುದೆಂಬ ಸೂಚನೆ ಬಂತು. ನಾನು, ಅವಳು, ಅವಳ ಗಂಡ ಮೂವರೂ ದೇವನಹಳ್ಳಿಯ ಕಡೆಗಿರುವ ಕಚೇರಿಗೆ ಹೋದೆವು. ಕಡತ ನೋಡುತ್ತಿದ್ದ ಅಧಿಕಾರಿಣಿ ಸೌಮ್ಯ ಸ್ವಭಾವದವರು. ನನಗೆ ಕುರ್ಚಿ ಹಾಕಿಸಿ ಕೇಳಿದರು.

"ಇವರು ನಿಮಗೆ ಏನಾಗ್ಬೇಕು ಸ್ವಾಮಿ?"

"ಮಗಳು. ಧಾರೆ ಎರೆದು ಕೊಟ್ಟಿದ್ದೇನೆ."

"ದತ್ತು ತಗೊಂಡಿದ್ರಾ?"

"ಇಲ್ಲ."

ಅವರು ನಕ್ಕರು. "ನಮ್ಮಮ್ಮನ ಕಡೇನೂ ಹಿಂಗೇ ಸಂಬಂಧ ಹೇಳ್ತಾರೆ, ನಂಗೆ ಅರ್ಥ ಆಗುತ್ತೆ. ಆದ್ರೆ ಕಡತಕ್ಕೆ ಅರ್ಥ ಆಗ್ಬೇಕಲ್ಲ? ನೋಟರಿ ಹತ್ರ ಒಂದು ಪ್ರಮಾಣಪತ್ರ ಮಾಡಿಸ್ಕೊಂಡು ಬನ್ನಿ. ಈಕೆ ನನ್ನ ಮಗಳಲ್ಲ, ನನಗೂ ಇವರಿಗೂ ರಕ್ತಸಂಬಂಧವಾಗ್ಲಿ ದತ್ತು ಸಂಬಂಧವಾಗ್ಲಿ ಇಲ್ಲ ಅಂತ."

ದೊಡ್ಡಬಳ್ಳಾಪುರದ ನೋಟರಿಯೊಬ್ಬರು ಹಾಗೆಯೇ ಬರೆದುಕೊಟ್ಟರು. ಓದಿನೋಡಿ ಸಹಿ ಹಾಕಲು ಬರುತ್ತೇನೆಂದು ಕಾಗದವನ್ನು ಮನೆಗೆ ತಂದೆ. ತಂದವನು ಸಹಿಗೆ ಹೋಗಲಿಲ್ಲ. ಅದು ದೇವರ ಮನೆಯ ಗೂಡಿನಲ್ಲಿ ಕೆಲವು ದಿನ ಉಳಿಯಿತು. ಅದರಲ್ಲಿ ಸುಳ್ಳಿನ ಒಂದು ಪದವೂ ಇರಲಿಲ್ಲ. ಆದರೆ ಅಗ್ನಿಸಾಕ್ಷಿಯಾಗಿ ಮಗಳೆಂದು ಕರೆದು ಕೊಟ್ಟವಳನ್ನು, ಪ್ರಮಾಣ ಮಾಡಿ, ಮಗಳಲ್ಲ ಎನ್ನುವುದು ಹೇಗೆ? ಸಂಧ್ಯಾವಂದನೆಗೆ ಕುಳಿತಾಗಲೂ ಆ ವಾಕ್ಯವೇ ಎದುರಿಗೆ ನಿಲ್ಲುತ್ತಿತ್ತು.

ಎದುರು ಮನೆಯ ಬೀಗಿತ್ತಿ, ಅಂದರೆ ಅವಳ ಅತ್ತೆ, ವಿಷಯ ತಿಳಿದು ಬಾಗಿಲಲ್ಲೇ ನಿಂತು ರೇಗಿಸಿದರು. "ಏನ್ ಮೇಷ್ಟ್ರೇ, ಮಗಳೇ ಅಲ್ಲ ಅಂತ ಬರ್ಕೊಡ್ತೀರಂತೆ! ಬಾಗಿನ ತಪ್ಪಿಸ್ಕೊಳ್ಳೋಕೆ ಇಷ್ಟು ದೂರ ಹೋಗ್ಬೇಕಾಗಿತ್ತಾ?"

ಎಲ್ಲರೂ ನಕ್ಕರು. ನಾನು ನಗದೇ ಇದ್ದದ್ದನ್ನು ಆ ಹುಡುಗಿ ಗಮನಿಸಿದ್ದಿರಬೇಕು. ಸಂಜೆ ಬಂದು ಎದುರಿಗೆ ಕುಳಿತಳು.

"ಬೇಡ ಅನ್ಸಿದ್ರೆ ಬಿಟ್ಬಿಡಿ ಅಪ್ಪಾಜಿ. ಕಾರ್ಡಿದೆಯಲ್ಲ, ಹಂಗೇ ಇರ್ತೀನಿ."

"ನಿನಗೆ ಅದು ಸಾಕೇ?"

"ಸಾಲ್ದು," ಎಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ.

ಆಮೇಲೆ ತಂದೆಗೆ ಫೋನು ಹಚ್ಚಿ, ನಡೆದುದನ್ನು ಅವಳ ಭಾಷೆಯಲ್ಲಿ ವಿವರಿಸಿದಳು. ಪರದೆಯಲ್ಲಿ ಅವರ ಹಿಂದೆ ದೋಣಿಯ ಮೂತಿಯೂ ಕಂದು ನೀರೂ ಕಾಣುತ್ತಿದ್ದವು. ಅವರು ಬಹಳ ಹೊತ್ತು ಕೇಳಿಸಿಕೊಂಡು, ಒಂದೆರಡು ಮಾತು ಹೇಳಿದರು.

"ಏನಂತೆ?" ಎಂದೆ.

"ಆ ಅಪ್ಪನ ಮೊಣಕಾಲು ನೋವು ವಾಸಿ ಆಯ್ತಾ ಅಂತ ಕೇಳ್ತಿದ್ದಾರೆ."

ಮದುವೆಯ ದಿನ ನಾನು ಕಾಲು ಮಡಿಸಿ ಕೂರಲು ಕಷ್ಟಪಟ್ಟದ್ದನ್ನು ಆ ಮನುಷ್ಯ ಅಷ್ಟು ದೂರದಿಂದ ನೋಡಿ ನೆನಪಿಟ್ಟಿದ್ದರು. ತಾನು ಕೂರಬೇಕಿದ್ದ ಮಣೆಯ ಮೇಲೆ ಬೇರೊಬ್ಬ ಕುಳಿತದ್ದನ್ನು ಸಹಿಸಿದ್ದಷ್ಟೇ ಅಲ್ಲ, ಕುಳಿತವನ ಮೊಣಕಾಲಿನ ಬಗ್ಗೆ ಚಿಂತಿಸಿದ್ದರು. ವರದಿಯಲ್ಲಿ ಈಗ ಅವರ ಹೆಸರಿರಬೇಕಾದ ಜಾಗದಲ್ಲಿ ನಾನಿದ್ದೆ. ಅಲ್ಲಿಂದ ಏಳಬೇಕಾದವನೂ ನಾನೇ.

ಅಷ್ಟು ತಿಳಿದ ಮೇಲೆ ಉಳಿದದ್ದು ತಾನಾಗಿ ನೆನಪಾಯಿತು. ಕನ್ಯಾದಾನದ ಸಂಕಲ್ಪ ಮುಗಿಯುವುದು 'ನ ಮಮ' ಎಂಬ ಮಾತಿನಿಂದ. ನನ್ನದಲ್ಲ ಎಂದರ್ಥ. ಕೊಡುವವನು ಕೊಟ್ಟದ್ದರ ಮೇಲಿನ ಹಕ್ಕನ್ನು ಅಲ್ಲಿಯೇ ಬಿಡಬೇಕು. ಎಷ್ಟೋ ಮದುವೆಗಳಲ್ಲಿ ಕೇಳಿದ್ದ ಆ ಮಾತನ್ನು ನಾನೇ ಉಚ್ಚರಿಸಿದ್ದು ಒಮ್ಮೆ ಮಾತ್ರ, ಇವಳ ಮದುವೆಯಲ್ಲಿ. ಕಚೇರಿ ಹೊಸದೇನನ್ನೂ ಕೇಳಿರಲಿಲ್ಲ.

ಪತ್ನಿಗೆ ಇದನ್ನು ಹೇಳಿದೆ. ಅವಳು ಹೂ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ಮಂತ್ರ ಹೇಳಿದ್ದು ನೀವು. ನಾನು ನೀರು ಬಿಟ್ಟೆ ಅಷ್ಟೆ, ನನ್ನದಲ್ಲ ಅಂತ ಎಲ್ಲೂ ಹೇಳಿಲ್ಲ. ನನ್ನ ಸಹಿ ಮಾತ್ರ ಯಾರೂ ಕೇಳ್ಬೇಡಿ."

ಯಾರೂ ಕೇಳಲಿಲ್ಲ. ಮರುದಿನ ನೋಟರಿಯ ಎದುರು ನಾನೊಬ್ಬನೇ ಸಹಿ ಮಾಡಿದೆ.

ಮುಂದಿನದು ನಿಧಾನದ ಹಾದಿ. ಕಡತ ಮೇಲಿನ ಕಚೇರಿಗಳಿಗೆ ಹೋಗಿ, ಒಂದು ಮಳೆಗಾಲ ಕಳೆದು, ಒಪ್ಪಿಗೆ ಪಡೆದು ಮರಳಿತು. ಅವಳು ಹುಟ್ಟಿದ ದೇಶದ ಪೌರತ್ವವನ್ನು ಬಿಟ್ಟ ದಾಖಲೆ ಒದಗಿಸಿದಳು. ಪೌರತ್ವದ ಪ್ರಮಾಣಪತ್ರ ಪಡೆಯುವ ದಿನ ನಾವೂ ಜೊತೆಗಿದ್ದೆವು. ಕೊನೆಯದಾಗಿ ವಿವರಗಳನ್ನು ತಾಳೆ ನೋಡುತ್ತಿದ್ದ ಅದೇ ಅಧಿಕಾರಿಣಿ "ತಂದೆಯ ಹೆಸರು?" ಎಂದರು. ಅವಳು ದೋಣಿಯವರ ಹೆಸರನ್ನು ಸ್ಪಷ್ಟವಾಗಿ, ಅವರ ಭಾಷೆಯ ಏರಿಳಿತದಲ್ಲಿಯೇ ಹೇಳಿದಳು. ಅಧಿಕಾರಿಣಿ ಒಮ್ಮೆ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

ಆ ವರ್ಷದ ಗೌರಿಹಬ್ಬಕ್ಕೂ ಮೊರ ರಸ್ತೆ ದಾಟಿತು. ಬೀಗಿತ್ತಿ ಅದನ್ನು ಇಸಿದುಕೊಳ್ಳುತ್ತ ಬಿಡಲಿಲ್ಲ. "ಮಗಳಲ್ಲ ಅಂತ ಕೋರ್ಟು ಕಾಗದ ಆದ್ಮೇಲೂ ಬಂತಲ್ಲಮ್ಮ!"

"ಕಾಗದ ಅವರದು," ಎಂದಳು ನನ್ನ ಪತ್ನಿ. "ಮೊರ ನಂದು."

ಹೆತ್ತು, ದೂರದಿಂದಲೇ ಒಪ್ಪಿಸಿಕೊಟ್ಟ ಆ ನದಿತೀರದ ತಂದೆತಾಯಿಗಳಿಗೆ ಆರೋಗ್ಯವಿರಲಿ. ಪ್ರೀತಿಯಿಂದ ತಪ್ಪು ಸಾಕ್ಷಿ ನುಡಿದ ಕಟ್ಟೆಯ ಜನರಿಗೆ, ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಂಡ ಪೊಲೀಸರಿಗೆ, ನಗುತ್ತಲೇ ನಿಯಮ ಕಾಯ್ದ ಅಧಿಕಾರಿಣಿಗೆ ಶ್ರೇಯಸ್ಸಾಗಲಿ. ಎದುರು ಮನೆಯ ದೀಪ ಬೆಳಗುತ್ತಿರಲಿ. ಮುಂದಿನ ಚುನಾವಣೆಯಲ್ಲಿ ಶಾಯಿ ಹಚ್ಚಿಸಿಕೊಳ್ಳಲಿರುವ ಆ ಬೆರಳಿಗೆ ಈ ಮಣ್ಣು ಒಲಿಯಲಿ.