ಬೆಲೆ ಇಳಿಸಬೇಡಿ, ಸಾಂಬಾರು ಹಾಕಿ

ಲೋಕಲ್ ಟ್ರೇನಿನಲ್ಲಿ ಕಿವಿಗೆ ಬಿಳಿ ವೈರು ಸಿಕ್ಕಿಸಿಕೊಂಡವರೆಲ್ಲ ದೊಡ್ಡ ಮನುಷ್ಯರು ಎನಿಸುತ್ತಿದ್ದ ಕಾಲವದು. ಆ ವಿದೇಶಿ ಮ್ಯೂಸಿಕ್ ಪ್ಲೇಯರ್ ಮಾರುವ ಶೋರೂಮು ಡೊಂಬಿವ್ಲಿಯಲ್ಲಿ ನನ್ನ ಅಂಗಡಿಯ ಎದುರಿಗೇ ಬಂತು. ನನ್ನದು ಅರ್ಧ ಶಟರಿನ ಅಂಗಡಿ. ಒಳಗೆ ಯಾರೂ ಹೆಸರು ಕೇಳಿರದ ಕಂಪನಿಯ ನಲವತ್ತು ಪ್ಲೇಯರುಗಳು, ನನ್ನ ಅಷ್ಟೂ ಉಳಿತಾಯ.

ಐರೋಲಿಯಲ್ಲಿ ಹೋಟೆಲು ಇಟ್ಟಿದ್ದ ಸೋದರಮಾವ ಬಂದು ನೋಡಿದರು. ಹತ್ತು ವರ್ಷ ಅವರ ಕೌಂಟರಿನಲ್ಲಿ ಕೂತು, ಸಾಕೆಂದು ಎದ್ದು ಬಂದವನು ನಾನು.

"ಎಂತ ಮಾರಾಯ, ಆನೆ ಎದುರು ಅಂಗಡಿಯಾ? ಚೌತಿವರೆಗೆ ನೋಡು. ಆಗದಿದ್ರೆ ಸುಮ್ಮನೆ ಬಾ, ಕುರ್ಚಿ ಖಾಲಿ ಇಟ್ಟಿದ್ದೇನೆ."

ಆ ಕುರ್ಚಿಗೆ ಮಾತ್ರ ಮರಳಬಾರದು ಎಂದುಕೊಂಡೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಎದುರಿನವರ ಬೆಲೆಯ ಕಾಲು ಭಾಗಕ್ಕೆ ಬೋರ್ಡು ಹಾಕಿದೆ. ಜನ ಬಂದರು, ಮುಟ್ಟಿದರು, ಹೋದರು. ಘಣಸೋಲಿಯಿಂದ ಬಂದಿದ್ದ ನಮ್ಮೂರ ಕಡೆಯ ಒಬ್ಬ ಹೆಂಗಸಂತೂ ಮುಖಕ್ಕೇ ಹೇಳಿದರು: "ಇಷ್ಟು ಚೀಪಾ ಅಣ್ಣ? ಹಾಗಾದ್ರೆ ಎರಡು ದಿನಕ್ಕೆ ಹಾಳಾಗ್ತದೆ, ಅಲ್ವಾ?"

ಆಗ ನೆನಪಾದದ್ದು ಮಾವನ ಹೋಟೆಲು. ಪಕ್ಕದಲ್ಲಿ ಯಾರೇ ಬರಲಿ, ಮಾವ ಇಡ್ಲಿಯ ಬೆಲೆ ಇಳಿಸಿದವರಲ್ಲ. ಎರಡನೇ ಸಲ ಸಾಂಬಾರು ಕೇಳಿದರೆ ಬಟ್ಟಲು ತುಂಬ ಹಾಕಿಸುತ್ತಿದ್ದರು, ಅಷ್ಟೆ. ಗಿರಾಕಿ ಮರುದಿನ ಬರುತ್ತಿದ್ದುದು ಆ ಬಟ್ಟಲಿಗೆ.

ಬೋರ್ಡು ಕಿತ್ತೆ. ಬೆಲೆಯನ್ನು ಎದುರಿನವರ ಅರ್ಧಕ್ಕೆ ಏರಿಸಿದೆ. ಕೆಳಗೆ ಬರೆದೆ: ನಿಮ್ಮ ಮನೆಯ ಕ್ಯಾಸೆಟ್ಟು ತನ್ನಿ, ಅದರಲ್ಲಿರುವುದನ್ನು ಪ್ಲೇಯರಿಗೆ ಪುಕ್ಕಟೆ ತುಂಬಿಕೊಡುತ್ತೇವೆ. ನಮ್ಮ ಜನರ ಕಪಾಟಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು: ಊರಿಗೆ ಹೋದಾಗ ತಾವೇ ಟೇಪ್ ಮಾಡಿಕೊಂಡ ತಾಳಮದ್ದಳೆ, ಅಜ್ಜಿ ಹೇಳಿದ ಶೋಭಾನೆ, ಕೂಸಿನ ತೊದಲು. ಎದುರಿನ ಎಸಿ ಶೋರೂಮಿನಲ್ಲಿ ಅದನ್ನು ಕೇಳಿದರೆ ನಗುತ್ತಿದ್ದರು. ನಾನು ಹಳೆಯ ಟೇಪ್‌ರೆಕಾರ್ಡರಿಗೂ ಕಂಪ್ಯೂಟರಿಗೂ ವೈರು ಜೋಡಿಸಿ ಕೂತೆ. ಒಂದು ಕ್ಯಾಸೆಟ್ಟಿಗೆ ಒಂದು ಗಂಟೆ. ಆ ಗಂಟೆಯೇ ನನ್ನ ಸಾಂಬಾರು.

ಘಣಸೋಲಿಯ ಆ ಹೆಂಗಸು ಅಮ್ಮನ ಹಾಡಿನ ಕ್ಯಾಸೆಟ್ಟು ತಂದು ಪ್ಲೇಯರು ಕೊಂಡರು, ಮರುವಾರ ತಂಗಿಯನ್ನೂ ಕರೆತಂದರು. ಬೆಲೆ ಹೆಚ್ಚಿದ್ದಕ್ಕೆ ಚಕಾರವಿಲ್ಲ!

ಅಂಗಡಿ ಇಡುವವರಿಗೆ ನನ್ನ ಮಾತು ಇಷ್ಟೇ: ದೊಡ್ಡವರಿಗಿಂತ ಅಗ್ಗವಾಗಲು ಓಡಬೇಡಿ. ಅವರು ಬಗ್ಗಿ ಮಾಡಲಾರದ ಒಂದು ಕೆಲಸ ಹುಡುಕಿ, ಅದನ್ನು ಪುಕ್ಕಟೆ ಕೊಡಿ, ಬೆಲೆಯನ್ನು ಮಾತ್ರ ಎದೆಯೆತ್ತಿ ಹೇಳಿ.

ಚೌತಿಯ ಹಿಂದಿನ ದಿನ ಮಾವ ಬಂದರು. ಉಳಿದಿದ್ದುದು ಒಂದೇ ಪ್ಲೇಯರು. ಅವರ ಕೈಯಲ್ಲೂ ಒಂದು ಕ್ಯಾಸೆಟ್ಟು, ಅವರಪ್ಪನ ಭಜನೆ.

"ನನಗೆಷ್ಟು?"

"ಬೋರ್ಡಿನಲ್ಲಿ ಇದೆಯಲ್ಲ."

"ಮಾವನಿಗೂ ಅದೇ ರೇಟಾ?"

"ನಿಮ್ಮ ಇಡ್ಲಿಗೆ ಯಾರಿಗಾದ್ರೂ ರೇಟು ಬಿಟ್ಟಿದ್ದೀರಾ ಮಾವ? ಕೂತುಕೊಳ್ಳಿ, ಸಾಂಬಾರು ಬೇಕಾದಷ್ಟು ಹಾಕ್ತೇನೆ."

ಮಾವ ಪೂರ್ತಿ ದುಡ್ಡು ಎಣಿಸಿಟ್ಟು ಸ್ಟೂಲು ಎಳೆದುಕೊಂಡರು. ಕ್ಯಾಸೆಟ್ಟು ತಿರುಗತೊಡಗಿತು. "ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ತೇನೆ," ಎಂದರು.