ಶಾವಿಗೆ ಮನೆಗೆ ಬಂದ ಸಲಹೆಗಾರ

ಆತ ಮೊದಲ ಸಲ ಬಂದಾಗ ಲೈಟಿನ ಮೀಟರ್ ನೋಡಲು ಬಂದವನೆಂದುಕೊಂಡಿದ್ದೆ. ಬೇಸಿಗೆಯ ದಿನ. ಲಕ್ಷ್ಮೇಶ್ವರದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಶಾವಿಗೆ ಮಷಿನ್ ಓಡುತ್ತಿತ್ತು. ಓಣಿಯ ಹೆಂಗಸರು ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಸರದಿಗೆ ಕೂತಿದ್ದರು. ಹಿಟ್ಟು ಅವರದು, ಮಷಿನ್ ನಮ್ಮದು, ಕಿಲೋ ಲೆಕ್ಕದಲ್ಲಿ ಕೂಲಿ. ನಮ್ಮ ವ್ಯವಹಾರವೆಂದರೆ ಅಷ್ಟೇ. ಹೆಗಲಿಗೆ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವನು ಮಷಿನ್ನನ್ನೇ ನೋಡುತ್ತಿದ್ದ.

“ಅಕ್ಕಾರ, ಈ ಮಷಿನ್ ವರ್ಷಕ್ಕ ಎಷ್ಟು ತಿಂಗಳ ಓಡತೈತ್ರಿ?” ಎಂದು ಕೇಳಿದ.

“ಮೀಟರ್ ಮನೀದಲ್ರಿ, ಅಂಗಡೀದ ಐತ್ರಿ. ಬಿಲ್ ಎಲ್ಲಾ ಕಟ್ಟೇವಿ,” ಎಂದೆ.

ಆತ ನಕ್ಕು ತನ್ನ ಪರಿಚಯ ಹೇಳಿಕೊಂಡ. ಸರಕಾರದ ಯೋಜನೆಯೊಂದರಲ್ಲಿ, ತಿನ್ನುವ ಸಾಮಾನು ತಯಾರಿಸುವ ಸಣ್ಣ ಉದ್ಯೋಗದವರಿಗೆ ಬ್ಯಾಂಕಿನ ಸಾಲ ಸಿಗುವಂತೆ ಮಾಡಿ, ವ್ಯಾಪಾರ ಬೆಳೆಸಲು ಸಲಹೆ ಕೊಡುವುದು ಆತನ ಕೆಲಸವಂತೆ. ಮಂದಿಯ ಹಿಟ್ಟಿಗೆ ಕೂಲಿ ಮಾಡುವ ಬದಲು ನಾವೇ ಗೋಧಿ ತಂದು, ಶಾವಿಗೆ ಮಾಡಿ, ಪಾಕೀಟು ಕಟ್ಟಿ ಮಾರಿದರೆ ವರ್ಷವಿಡೀ ಮಷಿನ್ ಓಡಿಸಬಹುದು ಎಂದ.

“ನಿಮಗ ನಾವು ಏನ್ ಕೊಡಬೇಕ್ರಿ?” ಒಳಗಿನಿಂದ ಅತ್ತೆ ಕೇಳಿದರು.

“ಏನೂ ಬ್ಯಾಡ್ರಿ ಅವ್ವಾರ.”

ಆ ಮಾತೇ ಕೆಲಸ ಕೆಡಿಸಿತು. ಕೆಲವು ವರ್ಷಗಳ ಹಿಂದೆ ಒಬ್ಬ ಹೀಗೇ ಬಂದು, ಸಾಲ ಕೊಡಿಸುತ್ತೇನೆಂದು ಓಣಿಯ ಹೆಂಗಸರಿಂದ ಕಾಗದಪತ್ರದ ಖರ್ಚು ಎತ್ತಿಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಕೊಟ್ಟವರಲ್ಲಿ ಅತ್ತೆಯೂ ಒಬ್ಬರು. ಈತ ಹೊರಟುಹೋದ ಮೇಲೆ ಅವರೆಂದರು: “ಆವಾ ಬಂದ ದಿನಾನ ರೊಕ್ಕಾ ಕೇಳಿದ್ದ. ಇಂವಾ ಕೇಳವಲ್ಲ. ಇಂವಾ ಅವನಕಿಂತ ಶಾಣ್ಯಾ ಅದಾನ.”

ನನಗೂ ಹಾಗೇ ಅನಿಸಿತ್ತು. ಆದರೆ ಆತ ಕೇಳಿದ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಮಳೆ ಶುರುವಾದರೆ ಶಾವಿಗೆ ಒಣಗುವುದಿಲ್ಲ. ಆಗ ಮಷಿನ್ ಮೇಲೆ ಹಳೆಯ ಚಾದರ ಹೊದಿಸಿಬಿಟ್ಟರೆ ಮತ್ತೆ ತೆಗೆಯುವುದು ಮುಂದಿನ ಬೇಸಿಗೆಗೇ. ನನ್ನ ಗಂಡ ಗದಗಿನಲ್ಲಿ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರನ್ನು ಕೇಳಿದರೆ, “ನಿನ್ನ ಮಷಿನ್, ನಿನ್ನ ವಿಚಾರ,” ಎಂದುಬಿಟ್ಟರು. ಹೀಗಾಗಿ ಆತ ಎರಡನೆಯ ಸಲ ಬಂದಾಗ ಬೇಡವೆಂದು ಕಳಿಸಲಿಲ್ಲ. ಒಳಗೂ ಕರೆಯಲಿಲ್ಲ. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಟ್ಟೆ.

ಆತ ತನ್ನ ಫೋನಿನಲ್ಲಿ ನನ್ನ ಅರ್ಜಿ ತುಂಬತೊಡಗಿದ. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೊಂದು ಓಟಿಪಿ ಬಂತು.

“ಅದನ್ನ ಹೇಳ್ರಿ ಅಕ್ಕಾರ.”

“ಹೇಳಂಗಿಲ್ರಿ. ಯಾರಿಗೂ ಹೇಳಬ್ಯಾಡ ಅಂತ ಇದರಾಗ ಬರದಾರ.”

ಆತ ಬಿಡಿಸಿ ಹೇಳಿದ. ನಾನು ಕೇಳಿಸಿಕೊಂಡು ಫೋನನ್ನು ಸೆರಗಿನಡಿ ಇಟ್ಟುಕೊಂಡೆ. ಅಷ್ಟರಲ್ಲಿ ಆ ನಂಬರಿನ ಹೊತ್ತು ಮುಗಿದುಹೋಯಿತು. ಮತ್ತೊಂದು ತರಿಸಿದ, ಅದೂ ಹೋಯಿತು. ಕೊನೆಗೆ ಆತ ತನ್ನ ಫೋನನ್ನೇ ನನ್ನ ಕೈಗೆ ಕೊಟ್ಟು, “ನೀವ ಒತ್ರಿ. ನಾ ಆ ಕಡೆ ನೋಡ್ತೀನಿ,” ಎಂದು ಬೀದಿಯತ್ತ ತಿರುಗಿ ಕೂತ. ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಒತ್ತಿದೆ. ಆಮೇಲೆ ವಾರಗಟ್ಟಲೆ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಹೋಗಿ ಎಂಟ್ರಿ ಹಾಕಿಸಿಕೊಂಡು ಬರುತ್ತಿದ್ದೆ. ಏನೂ ಕಡಿಮೆಯಾಗಿರಲಿಲ್ಲ.

ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಒಂದು ದಿನ ಗಂಡನ ಜೊತೆ ಬಸ್ಸು ಹತ್ತಿ ಗದಗಿಗೆ ಹೋಗಿ, ಆತ ಹೇಳಿದ್ದ ಕಚೇರಿಯನ್ನು ಹುಡುಕಿ, ಇಂಥವರು ಇಲ್ಲಿದ್ದಾರೆಯೇ ಎಂದು ವಿಚಾರಿಸಿದೆ. ಟೇಬಲ್ಲಿನವರು ತಲೆ ಎತ್ತದೆ, “ಅದಾರ್ರಿ. ಸಾಲ ಪಾಸ್ ಆದ್ರ ಒಂದೊಂದು ಕೇಸಿಗೆ ಇಷ್ಟು ಅಂತ ಸರಕಾರದಿಂದ ಅವರಿಗೆ ಬರತೈತಿ,” ಎಂದರು.

ಅಂದರೆ ಪುಕ್ಕಟೆ ಅಲ್ಲ. ಬಸ್ಸಿನಲ್ಲಿ ಬರುವಾಗ ತಲೆಯಲ್ಲಿ ಇದೇ ಓಡಿತು. ಮುಂದೆ ಆತ ಬಂದಾಗ ಚಹಾ ಸಹ ಕೇಳದೆ ನೇರವಾಗಿ ವಿಷಯ ತೆಗೆದೆ.

“ನಮ್ಮ ಸಾಲದಿಂದ ನಿಮಗೂ ಗಳಿಕಿ ಐತಂತಲ್ರಿ?”

“ಐತ್ರಿ.”

“ಮತ್ತ ಹೇಳಲಿಲ್ಲಲ್ಲ?”

“ನಿಮ್ಮ ಕಡಿಂದ ಏನೂ ಬ್ಯಾಡ ಅಂದಿದ್ದೆ, ಅದು ಖರೇನ ಐತ್ರಿ. ಇದನ್ನೂ ಹೇಳಬೇಕಿತ್ತು. ಹೇಳಿದ್ರ ಕಾಲಿಡಾಕ ಬಿಡಂಗಿಲ್ಲ ಅನಿಸ್ತು.”

ಬಿಡುತ್ತಿರಲಿಲ್ಲ, ನಿಜ. ಆದರೂ ಸಿಟ್ಟು ಇಳಿಯಲಿಲ್ಲ. ಕೇಸಿಗೆ ಇಷ್ಟು ಎಂದು ಕಚೇರಿಯವರು ಹೇಳಿದ್ದರೂ, ಸಾಲ ದೊಡ್ಡದಾದಷ್ಟೂ ಈತನಿಗೆ ಲಾಭವಿರಬೇಕೆಂದು ಲೆಕ್ಕ ಹಾಕಿದೆ. ಹಾಗಾಗಿ ಬೇಕೆಂದೇ, “ದೊಡ್ಡ ಮಷಿನ್ನನ ತಗೊಳ್ಳೋಣ್ರಿ,” ಎಂದು ಪರೀಕ್ಷೆ ಮಾಡಿದೆ. ಆತ ಬೇಡವೆಂದ. ಮಷಿನ್ ಇರುವುದೇ ಸಾಕು, ಒಣಗಿಸುವ ಡ್ರೈಯರ್ ಒಂದು ತಂದುಕೊಳ್ಳಿ, ಕಂತು ಕಟ್ಟುವುದು ಹಗುರಾಗುತ್ತದೆ ಎಂದ. ಆಗ ಡ್ರೈಯರ್ ಮಾರುವವರ ಹತ್ತಿರ ಈತನ ಕಮಿಷನ್ ಇರಬೇಕೆಂಬ ಹೊಸ ಅನುಮಾನ ಹುಟ್ಟಿತು. ಆತ ದರ ಬರೆಸಿಕೊಂಡು ಬಂದಿದ್ದ ಹುಬ್ಬಳ್ಳಿಯ ಅಂಗಡಿಗೆ, ಹತ್ತಿರದ ಊರು ಶಿಗ್ಲಿಯವಳೆಂದು ಹೇಳಿಕೊಂಡು ಫೋನ್ ಮಾಡಿ ದರ ಕೇಳಿದೆ. ಆತ ತಂದುಕೊಟ್ಟಿದ್ದ ದರವನ್ನೇ ಹೇಳಿದರು. ನನಗೇಕೋ ನಿರಾಸೆಯಾಯಿತು.

ಬ್ಯಾಂಕಿನ ಮ್ಯಾನೇಜರ್ ಮನೆಗೆ ಬಂದು ನೋಡುವ ದಿನ ಆತ ಮೊದಲೇ ಹೇಳಿದ್ದ: “ನಾ ಹೊರಗ ಕುಂಡ್ರತೀನಿ. ನಿಮ್ಮ ಕೆಲಸ ನೀವ ಹೇಳ್ರಿ. ನಾ ಬಾಯಿ ಹಾಕಿದ್ರ ನಿಮಗೇನೂ ಗೊತ್ತಿಲ್ಲ ಅಂತ ಅನಕೋತಾರ.” ಮ್ಯಾನೇಜರ್ ಮಳೆಗಾಲದಲ್ಲಿ ಏನು ಮಾಡುತ್ತೀರೆಂದು ಕೇಳಿದರು. ಚಾದರ ಹೊದಿಸಿದ್ದ ಮಷಿನ್ನಿನ ಕಥೆಯಿಂದ ಹಿಡಿದು ಡ್ರೈಯರಿನವರೆಗೆ, ಗೋಧಿ ಎಲ್ಲಿಂದ ತರುತ್ತೇನೆ, ಯಾವ ಅಂಗಡಿಗಳು ಕೊಳ್ಳುತ್ತೇವೆಂದಿವೆ ಎಂಬುದನ್ನೆಲ್ಲ ನಾನೇ ಹೇಳಿದೆ. ಸಾಲ ಮಂಜೂರಾಯಿತು.

ಡ್ರೈಯರ್ ಬಂತು. ಆದರೆ ಶಾವಿಗೆ ಅದರೊಳಗೆ ಒಣಗಿ ಕಡ್ಡಿಯಾಗಿ, ಮುಟ್ಟಿದರೆ ಮುರಿಯುತ್ತಿತ್ತು. ಬಹಳ ಹಿಟ್ಟು ಹಾಳಾಯಿತು. ಅತ್ತೆ ಹೇಳಿದಂತೆ ಮೊದಲು ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಅರ್ಧ ಆರಿಸಿ, ಆಮೇಲೆ ಸಣ್ಣ ಬಿಸಿಯಲ್ಲಿಟ್ಟಾಗ ಎಳೆ ಇಡಿಯಾಗಿ ಉಳಿಯಿತು. ಅಂದು ಆತ ಅಲ್ಲೇ ನಿಂತು ನೋಡಿದ. ಗದಗಿನಲ್ಲಿ ಪಾಕೀಟಿನ ಕವರು ಅಚ್ಚು ಹಾಕಿಸುವ ಜಾಗವನ್ನೂ ಆತನೇ ತೋರಿಸಿದ. ಮಳೆಗಾಲದಲ್ಲೂ ಮಷಿನ್ ಓಡಿತು. ಶಿರಹಟ್ಟಿಯ ಅಂಗಡಿಗಳಿಗೂ ನಮ್ಮ ಪಾಕೀಟು ಹೋಯಿತು.

ಹೀಗಿರುವಾಗ ಅತ್ತೆಯೊಂದಿಗೆ ಮುಂಡರಗಿಗೆ ನೆಂಟರ ಮನೆಯ ಕಾರ್ಯಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಕಿರಾಣಿ ಅಂಗಡಿಯಲ್ಲಿ ನಮ್ಮ ಪಾಕೀಟೇ ತೂಗುತ್ತಿತ್ತು. ಅದೇ ಹಸಿರು, ಅದೇ ಬಟ್ಟಲಿನ ಚಿತ್ರ. ಹೆಸರು ಮಾತ್ರ ಬೇರೆ. ನನ್ನ ಶಾವಿಗೆಯ ಗುಟ್ಟನ್ನು ಆತ ಇಲ್ಲಿಗೆ ತಂದು ಮಾರಿದ್ದಾನೆ, ಇಷ್ಟು ದಿನ ಕಾಯ್ದದ್ದು ಇದಕ್ಕೇ ಎನಿಸಿತು. ಒಂದು ಪಾಕೀಟು ಕೊಂಡು, ಹಿಂದೆ ಅಚ್ಚಾದ ವಿಳಾಸ ಕೇಳುತ್ತ ಅತ್ತೆಯನ್ನು ಕರೆದುಕೊಂಡು ಹೊರಟೆ.

ಬಾಗಿಲನ್ನು ಅರ್ಧವಷ್ಟೇ ತೆರೆದ ಹೆಂಗಸು ನನ್ನ ವಯಸ್ಸಿನವಳೇ. ಕೈಗೆ ಹಿಟ್ಟು ಮೆತ್ತಿತ್ತು. ಲಕ್ಷ್ಮೇಶ್ವರದ ಶಾವಿಗೆ ಮಷಿನ್ನಿನವಳು ಎಂದದ್ದೇ ಆಕೆಯ ಮುಖ ಬಿಗಿಯಿತು.

“ನಿಮ್ಮನ್ನ ಆ ಸರ್ ಕಳಿಸ್ಯಾರೇನ್ರಿ, ನನ್ನ ಕೆಲಸ ನೋಡಾಕ?”

“ಅದನ್ನ ನಾ ಕೇಳಾಕ ಬಂದೀನ್ರಿ. ನಮ್ಮ ಕವರ್ ನಿಮಗ ಹೆಂಗ ಸಿಕ್ತು?”

“ನಿಮ್ಮದಾ? ಗದಗಿನ ಪ್ರೆಸ್ಸಿನ್ಯಾವ ತೋರಿಸಿದ್ದು ಅದೊಂದ ಡಿಸೈನ್ ರಿ.”

ಇಬ್ಬರೂ ಬಾಗಿಲ ಎರಡೂ ಕಡೆ ನಿಂತೇ ಮಾತಾಡಿದೆವು. ಕೈಯಲ್ಲಿದ್ದ ಪಾಕೀಟನ್ನು ಅಲ್ಲೇ ಬಿಚ್ಚಿ ನೋಡಿದೆ. ಒಳಗಿನದು ಅರ್ಧಕ್ಕರ್ಧ ಪುಡಿ. ಅದನ್ನು ಕಂಡು ಆಕೆಯ ದನಿ ತಗ್ಗಿತು.

“ಡ್ರೈಯರಿಗೆ ಹಾಕಿದ್ರ ಮುರೀತಾವ್ರಿ. ಲಕ್ಷ್ಮೇಶ್ವರದಾಗ ಒಬ್ರು ಇಡಿಯಾಗಿ ತಗೀತಾರ ಅಂತ ಆ ಸರ್ ಬಾಯಾಗ ಕೇಳಿದ್ದೆ. ಹೆಂಗ ಅಂತ ಹೇಳ್ರಿ ಅಂತ ಬೆನ್ನು ಹತ್ತಿದ್ರ, ‘ಅದು ಅವರ ಕಸಬು, ಅವರನ್ನ ಕೇಳದ ಹೇಳಂಗಿಲ್ಲ’ ಅಂದ್ರು. ಎಷ್ಟು ಕೇಳಿದ್ರೂ ಅಷ್ಟ.”

ಅಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದ ಅತ್ತೆ ಬಾಯಿ ತೆರೆದರು. “ಮೊದಲ ನೆಳ್ಳಾಗ ಆರಿಸವಾ. ಮ್ಯಾಲ ಹಸಿ ಅರಬಿ ಹೊದಸು. ಆಮ್ಯಾಲ ಸಣ್ಣ ಬಿಸಿ ಇಡು.”

ನನ್ನ ಮೈ ಉರಿದುಹೋಯಿತು. ಆಕೆ ಒಳಗೆ ಕರೆದು ಕೊಟ್ಟ ಚಹಾ ಕುಡಿದು ಹೊರಬಿದ್ದ ಮೇಲೆ ಬಸ್ಸಿನಲ್ಲಿ ಕೇಳಿದೆ: “ಅತ್ತೀ, ಊರ ಮಂದೀನೆಲ್ಲಾ ನಂಬದ ನೀವು ಆಕಿಗೆ ಯಾಕ ಹೇಳಿದ್ರಿ?”

“ನಂಬಿ ಹೇಳೀನಿ ಅಂತ ಮಾಡಿಯೇನು? ಎರಡೂ ಪಾಕೀಟು ಒಂದ ಥರಾ ಕಾಣತಾವು. ಆಕಿ ಪುಡಿ ತಿಂದ ಮಂದಿ ನಿನ್ನ ಶಾವಿಗೀನೂ ಮುಟ್ಟಂಗಿಲ್ಲ. ಕವರ್ ಬದಲಿ ಆಗೂತನಕ ಆಕೀದೂ ಚಲೋ ಇರಲಿ.”

ಮರುವಾರವೇ ಗದಗಿಗೆ ಹೋಗಿ ಪ್ರೆಸ್ಸಿನವನೊಂದಿಗೆ ಜಗಳಾಡಿ ಹಳದಿ ಕವರು ಮಾಡಿಸಿದೆ. ಸಲಹೆಗಾರನಿಗೆ ಮುಂಡರಗಿಯ ಸಂಗತಿ ಹೇಳಿದಾಗ ಆತ ಆಶ್ಚರ್ಯಪಡಲಿಲ್ಲ. “ಒಂದಿನ ನೀವ ಹೋಗ್ತೀರಿ ಅಂತ ಅನಕೊಂಡಿದ್ದೆ ಬಿಡ್ರಿ,” ಎಂದ. ಅದರ ಅರ್ಥವೇನೆಂದು ಬಹಳ ದಿನ ಯೋಚಿಸಿದ್ದೇನೆ. ಅಂದು ಮೊದಲ ಸಲ ಆತನಿಗೆ ಒಳಗೆ ಎಲೆ ಹಾಕಿ ಊಟಕ್ಕೆ ಬಡಿಸಿದೆ. ಅತ್ತೆ ಎದುರಿಗೇ ಕೂತು ಆತನ ಊರು, ಮನೆ, ತಂದೆ ತಾಯಿ ಎಲ್ಲ ವಿಚಾರಿಸಿಕೊಂಡರು.

ಈಗ ನನ್ನ ಜೊತೆ ಓಣಿಯ ಇಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ಈ ವರ್ಷ ಹಿಟ್ಟಿನ ಗಿರಣಿ ಹಾಕಲು ಎರಡನೆಯ ಸಾಲಕ್ಕೆ ನಾನೇ ಬ್ಯಾಂಕಿಗೆ ಹೋಗಿ ಮಾತಾಡಿ ಬಂದೆ. ಅವರು ಹೇಳಿದ ಬಡ್ಡಿ ಸರಿಯೇ ಎಂದು ಆತನಿಗೆ ಫೋನ್ ಮಾಡಿ ಕೇಳಿದೆ. ಸರಿ ಇದೆ ಎಂದ. ಆಮೇಲೆ ಮುಂಡರಗಿಯವಳಿಗೂ ಒಂದು ಫೋನ್ ಮಾಡಿ ಅದನ್ನೇ ಕೇಳಿದೆ.